ಕಾರವಾರ–ಅಂಕೋಲಾ ಪ್ರದೇಶದ ಕ್ಯಾಥೋಲಿಕ್ ಕುಟುಂಬಗಳ ಧಾರ್ಮಿಕ ಜೀವನ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿರುವ ಕ್ಯಾಥೋಲಿಕ್ ಕ್ರೈಸ್ತರು ಬಹುಮಟ್ಟಿಗೆ ಕೊಂಕಣಿ ಮಾತೃಭಾಷೆಯವರು. ಗೋವಾದೊಂದಿಗೆ ರಕ್ತಸಂಬಂಧವನ್ನೂ ಕರ್ನಾಟಕದೊಂದಿಗೆ ಆಡಳಿತ, ಶಿಕ್ಷಣ ಮತ್ತು ನಿತ್ಯವ್ಯವಹಾರದ ಸಂಬಂಧವನ್ನೂ ಹೊಂದಿರುವ ಈ ಸಮುದಾಯದಲ್ಲಿ ಧರ್ಮದ ಆಚರಣೆ ಚರ್ಚಿನಷ್ಟೇ ಮನೆಯನ್ನೂ ಅವಲಂಬಿಸಿದೆ. ಸಂಜೆಯ ಜಪಸರ, ಹಿರಿಯರ ಆಶೀರ್ವಾದ, ಹೊಸ ಅಕ್ಕಿಯ ಊಟ, ಮದುವೆಯ ರೊಸ್, ಮೃತರ ಸ್ಮರಣೆ ಮೊದಲಾದವು ಮನೆಯಲ್ಲಿಯೇ ಕಲಿತು ಮನೆಯಲ್ಲಿಯೇ ಮುಂದುವರಿದ ಆಚರಣೆಗಳಾಗಿವೆ. ಪಾದ್ರಿಗಳ ಸೇವೆ ವಿರಳವಾಗಿದ್ದ ಕಾಲಗಳಲ್ಲಿ ಈ ಪ್ರದೇಶದ ಕ್ರೈಸ್ತ ಧರ್ಮವನ್ನು ಉಳಿಸಿಕೊಂಡದ್ದು ಮುಖ್ಯವಾಗಿ ಕುಟುಂಬಗಳೇ. ಇಂದು ಉದ್ಯೋಗಕ್ಕಾಗಿ ನಡೆಯುತ್ತಿರುವ ವಲಸೆ ಮತ್ತು ಪ್ರಾರ್ಥನೆಯ ಭಾಷೆಯಲ್ಲಾಗುತ್ತಿರುವ ಪಲ್ಲಟಗಳಿಂದ ಇದೇ ಕೌಟುಂಬಿಕ ನೆಲೆ ಪರೀಕ್ಷೆಗೆ ಒಳಗಾಗಿದೆ.

ಪ್ರದೇಶ ಮತ್ತು ಸಮುದಾಯ

ಕಾರವಾರವು ಕಾಳಿ ನದಿ ಅರಬ್ಬಿ ಸಮುದ್ರವನ್ನು ಸೇರುವಲ್ಲಿರುವ ಬಂದರು ಪಟ್ಟಣ ಹಾಗೂ ಉತ್ತರ ಕನ್ನಡದ ಜಿಲ್ಲಾಕೇಂದ್ರ. ಪಟ್ಟಣದ ಉತ್ತರಕ್ಕೆ, ಮಾಜಾಳಿಯ ಆಚೆ ಗೋವಾ ರಾಜ್ಯದ ಗಡಿ ಇದೆ. ದಕ್ಷಿಣಕ್ಕೆ ಅಂಕೋಲಾ ತಾಲ್ಲೂಕು. ನದಿಯ ದಂಡೆಯ ಸದಾಶಿವಗಡ, ಹಣಕೋಣ ಮೊದಲಾದ ಊರುಗಳಲ್ಲಿ ಗದ್ದೆ, ತೆಂಗು ಮತ್ತು ಮೀನುಗಾರಿಕೆ ಪರಂಪರೆಯಿಂದ ಬಂದ ಜೀವನಾಧಾರಗಳು. ಇಲ್ಲಿನ ಆಡುಮಾತು ಧರ್ಮಭೇದವಿಲ್ಲದೆ ಬಹಳಷ್ಟು ಮಟ್ಟಿಗೆ ಕೊಂಕಣಿಯೇ ಆಗಿದೆ.

2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಇದರಲ್ಲಿ ಕ್ರೈಸ್ತರ ಪಾಲು ಸುಮಾರು ಶೇ. 3. ಕರಾವಳಿಯ ಕೊಂಕಣಿ ಕ್ಯಾಥೋಲಿಕರಲ್ಲದೆ, ಘಟ್ಟದ ಮೇಲಿನ ಹಳಿಯಾಳ ಮತ್ತು ಯಲ್ಲಾಪುರ ಭಾಗಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕ್ರೈಸ್ತರೂ ಇದ್ದಾರೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ ಮತ್ತು ಕ್ರೈಸ್ತ ಎಂಬ ಮೂರೂ ಧರ್ಮದವರಿದ್ದು, ಮನೆಯಲ್ಲಿ ‘ಹಿರಿಯರನ್ನು’ ಸ್ಮರಿಸುವ ಆಚರಣೆ ಧರ್ಮದ ಗೆರೆಯನ್ನು ದಾಟಿ ಅವರನ್ನು ಒಂದುಗೂಡಿಸುತ್ತದೆ. ಪ್ರಾಟೆಸ್ಟಂಟ್ ಸಭೆಗಳಿಗೆ ಸೇರಿದವರೂ ಜಿಲ್ಲೆಯಲ್ಲಿದ್ದಾರೆ. ಈ ಲೇಖನವು ಕರಾವಳಿಯ ಕ್ಯಾಥೋಲಿಕ್ ಕುಟುಂಬಗಳಿಗೆ ಸೀಮಿತವಾಗಿದೆ.

ಐತಿಹಾಸಿಕ ಹಿನ್ನೆಲೆ

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡ ನಂತರ ಅಲ್ಲಿ ಕ್ರೈಸ್ತ ಧರ್ಮ ಹರಡಿತು. 1560ರಲ್ಲಿ ಸ್ಥಾಪನೆಯಾದ ಧಾರ್ಮಿಕ ವಿಚಾರಣಾ ನ್ಯಾಯಾಲಯ, ತೆರಿಗೆಯ ಭಾರ, ಬರ ಮತ್ತು ರೋಗರುಜಿನ, ಮುಂದೆ 1683 ಹಾಗೂ 1739ರ ಸುಮಾರಿನ ಮರಾಠಾ ದಾಳಿಗಳು ಮುಂತಾದ ಕಾರಣಗಳಿಂದ ಅನೇಕ ಕುಟುಂಬಗಳು ದಕ್ಷಿಣದ ಕೆನರಾ ಕರಾವಳಿಗೆ ವಲಸೆ ಬಂದವು. ಹೀಗೆ ಬಂದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಕಾರವಾರ–ಅಂಕೋಲಾ ಭಾಗ ಆಗ ಸೋಂದೆಯ ಅರಸರ ಆಳ್ವಿಕೆಯಲ್ಲಿತ್ತು. ಅಲ್ಲಿಂದ ದಕ್ಷಿಣಕ್ಕೆ ಕೆಳದಿಯ ನಾಯಕರ ಅಧಿಕಾರವಿತ್ತು.

ವಲಸೆ ಬಂದ ಕ್ರೈಸ್ತರಿಗೆ ಭೂಮಿಯೂ ಆಶ್ರಯವೂ ದೊರೆತರೂ ಪಾದ್ರಿಗಳು ಸಾಕಷ್ಟು ಸಂಖ್ಯೆಯಲ್ಲಿ ದೊರೆಯಲಿಲ್ಲ. ಗೋವೆಯಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ (1651–1711) 1681ರಿಂದ 1684ರವರೆಗೆ ಕೆನರಾದಲ್ಲಿ ಕಾಲ್ನಡಿಗೆಯಲ್ಲಿ ಸಂಚರಿಸಿ, ಚದುರಿಹೋಗಿದ್ದ ಕುಟುಂಬಗಳನ್ನು ಸಂಘಟಿಸಿದರು. ಮುಂದೆ ಅವರು ಡಚ್ಚರ ನಿರ್ಬಂಧವಿದ್ದ ಶ್ರೀಲಂಕೆಗೆ ಹೋಗಿ, ಅಲ್ಲಿಯೂ ಗುಟ್ಟಾಗಿ ಮನೆಯಿಂದ ಮನೆಗೆ ತೆರಳಿ ಧರ್ಮಸೇವೆ ನಡೆಸಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರಿಗೆ ಸಂತ ಪದವಿಯನ್ನು ಘೋಷಿಸಿದರು.

1784ರಲ್ಲಿ ಟಿಪ್ಪು ಸುಲ್ತಾನನ ಆದೇಶದಂತೆ ಕೆನರಾದ ಕ್ಯಾಥೋಲಿಕರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಪಾದ್ರಿಗಳನ್ನು ಗೋವೆಗೆ ಹೊರಗಟ್ಟಲಾಯಿತು, ಅನೇಕ ಚರ್ಚುಗಳು ನಾಶವಾದವು. 1799ರಲ್ಲಿ ಸೆರೆ ಮುಗಿದ ಮೇಲೆ ಉಳಿದವರು ಮರಳಿ ಬಂದು ಊರುಗಳನ್ನೂ ಚರ್ಚುಗಳನ್ನೂ ಪುನಃ ಕಟ್ಟಿಕೊಂಡರು. ಚರ್ಚೂ ಪಾದ್ರಿಯೂ ಇಲ್ಲದೆ ಕಳೆದ ಆ 15 ವರ್ಷಗಳು, ಬಾಯಿಪಾಠವಾಗಿದ್ದ ಪ್ರಾರ್ಥನೆಗಳ ಬೆಲೆಯನ್ನು ಕೆನರಾದ ಕ್ರೈಸ್ತರಿಗೆ ಮನಗಾಣಿಸಿದವು.

ಬ್ರಿಟಿಷರ ಕಾಲದಲ್ಲಿ, 1862ರಲ್ಲಿ, ಉತ್ತರ ಕೆನರಾ ಜಿಲ್ಲೆಯನ್ನು ಮದರಾಸು ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. ಧರ್ಮಸಭೆಯ ಆಡಳಿತವೂ ಇದೇ ರೀತಿ ಬದಲಾಗುತ್ತ ಬಂದಿತು. ದೀರ್ಘಕಾಲ ಗೋವಾ ಮಹಾಧರ್ಮಪ್ರಾಂತ್ಯದ ಸಂಪರ್ಕದಲ್ಲಿದ್ದ ಈ ಭಾಗವು 1953ರಲ್ಲಿ ರಚನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಒಳಪಟ್ಟಿತು. 1976ರ ಜನವರಿ 24ರಂದು ಪೋಪ್ ಆರನೆಯ ಪೌಲರು ಉತ್ತರ ಕನ್ನಡ ಜಿಲ್ಲೆಗಾಗಿ ಪ್ರತ್ಯೇಕ ಕಾರವಾರ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದರು. ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಅದರ ಮೊದಲ ಧರ್ಮಾಧ್ಯಕ್ಷರು. 2007ರಲ್ಲಿ ಡೆರಿಕ್ ಫರ್ನಾಂಡಿಸ್ ಹಾಗೂ 2024ರಲ್ಲಿ ಡುಮಿಂಗ್ ಡಯಾಸ್ ಆ ಸ್ಥಾನಕ್ಕೆ ಬಂದರು. ಕಾರವಾರದಲ್ಲಿರುವ ಪ್ರಧಾನಾಲಯವು ಮಾತೆ ಮರಿಯಮ್ಮನವರ ಸ್ವರ್ಗಾರೋಹಣಕ್ಕೆ ಸಮರ್ಪಿತವಾಗಿದೆ.

‘ಮನೆಯೇ ಧರ್ಮಸಭೆ’ ಎಂಬ ಕಲ್ಪನೆ

ಕ್ರೈಸ್ತರ ಮೊದಲ ಶತಮಾನಗಳಲ್ಲಿ ಆರಾಧನೆ ನಡೆಯುತ್ತಿದ್ದುದು ವಿಶ್ವಾಸಿಗಳ ಮನೆಗಳಲ್ಲಿ. ಹೊಸ ಒಡಂಬಡಿಕೆಯ ಪತ್ರಗಳಲ್ಲಿ ಮನೆಯಲ್ಲಿ ಸೇರುವ ಸಭೆಯ ಉಲ್ಲೇಖಗಳಿವೆ. ದ್ವಿತೀಯ ವ್ಯಾಟಿಕನ್ ಮಹಾಸಭೆ (1962–65) ಈ ಹಳೆಯ ಕಲ್ಪನೆಗೆ ಮತ್ತೆ ಒತ್ತು ನೀಡಿತು. 1964ರ ನವೆಂಬರ್ 21ರಂದು ಪ್ರಕಟವಾದ ‘ಲುಮೆನ್ ಜೆನ್ಸಿಯುಮ್’ ದಾಖಲೆಯು ಕುಟುಂಬವನ್ನು ಗೃಹ ಧರ್ಮಸಭೆಯೆಂದು ಗುರುತಿಸಿ, ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರುವವರು ತಂದೆತಾಯಿಗಳೇ ಎಂದು ಹೇಳುತ್ತದೆ. ಪೋಪ್ ಎರಡನೆಯ ಜಾನ್ ಪೌಲರ ‘ಫಮಿಲಿಯಾರಿಸ್ ಕೊನ್ಸೋರ್ಸಿಯೊ’ (1981) ಮತ್ತು ಪೋಪ್ ಫ್ರಾನ್ಸಿಸ್ ಅವರ ‘ಅಮೋರಿಸ್ ಲೆತೀಸಿಯಾ’ (2016) ಎಂಬ ದಾಖಲೆಗಳು ಇದೇ ವಿಚಾರವನ್ನು ವಿಸ್ತರಿಸಿದವು. ಎರಡನೆಯ ದಾಖಲೆಯು ಬಿರುಕು ಬಿಟ್ಟ ದಾಂಪತ್ಯ, ವಲಸೆ, ವೃದ್ಧರ ಒಂಟಿತನ ಮೊದಲಾದ ವಾಸ್ತವಗಳನ್ನೂ ಎದುರಿಗಿಟ್ಟುಕೊಂಡು ಮಾತನಾಡುತ್ತದೆ.

ಗೋವಾ ಮತ್ತು ಕೆನರಾ ಕರಾವಳಿಯ ಕುಟುಂಬಗಳಿಗೆ ಈ ಬೋಧನೆ ಹೊಸ ಆಚರಣೆಯನ್ನು ಕಲಿಸಲಿಲ್ಲ. ಅವುಗಳಲ್ಲಿ ಮೊದಲೇ ಇದ್ದ ಆಚರಣೆಗೆ ಒಂದು ಹೆಸರನ್ನು ಕೊಟ್ಟಿತು.

ಮನೆಯ ಪ್ರಾರ್ಥನೆ

ಕೊಂಕಣಿ ಕ್ಯಾಥೋಲಿಕ್ ಮನೆಯ ಪಡಸಾಲೆಯಲ್ಲಿ ‘ಆಲ್ತಾರ್’ ಎಂದು ಕರೆಯುವ ಪೀಠವಿರುತ್ತದೆ. ಶಿಲುಬೆ, ಯೇಸುವಿನ ಪವಿತ್ರ ಹೃದಯದ ಚಿತ್ರ, ಮರಿಯಮ್ಮನವರ ಪ್ರತಿಮೆ, ಕುಟುಂಬವು ನಂಬಿರುವ ಸಂತರ ಚಿತ್ರಗಳು ಅಲ್ಲಿರುತ್ತವೆ. ಸಂಜೆ ಚರ್ಚಿನ ಗಂಟೆ ಬಾರಿಸಿದಾಗ ಕೆಲಸ ನಿಲ್ಲಿಸಿ ‘ಆಂಜೆಲುಸ್’ ಪ್ರಾರ್ಥನೆ ಹೇಳುವುದು, ಅನಂತರ ಎಲ್ಲರೂ ಪೀಠದ ಮುಂದೆ ಸೇರಿ ‘ತೇರ್ಸ್’ ಅಂದರೆ ಜಪಸರ ಮಾಡುವುದು ಹಿಂದಿನಿಂದ ಬಂದ ಕ್ರಮ.

ಜಪಸರದಲ್ಲಿ ಐದು ಭಾಗಗಳಿದ್ದು, ಪ್ರತಿಯೊಂದರಲ್ಲಿ ಕ್ರಿಸ್ತ ಕಲಿಸಿದ ಪ್ರಾರ್ಥನೆಯನ್ನು ಒಮ್ಮೆ ಹಾಗೂ ಮರಿಯಮ್ಮನವರ ಪ್ರಾರ್ಥನೆಯನ್ನು ಹತ್ತು ಬಾರಿ ಹೇಳಲಾಗುತ್ತದೆ. ಕ್ರಿಸ್ತನ ಹಾಗೂ ಮರಿಯಮ್ಮನವರ ಜೀವನದ ಒಂದೊಂದು ರಹಸ್ಯವನ್ನು ಒಂದೊಂದು ಭಾಗದಲ್ಲಿ ಧ್ಯಾನಿಸುತ್ತಾರೆ. ಇಂತಹ ರಹಸ್ಯಗಳು ಮೊದಲು ಹದಿನೈದಿದ್ದವು. 2002ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಬೆಳಕಿನ ರಹಸ್ಯಗಳೆಂಬ ಐದನ್ನು ಸೇರಿಸಿದ ಮೇಲೆ ಅವು ಇಪ್ಪತ್ತಾದವು. ಅಕ್ಟೋಬರ್ ತಿಂಗಳು ಜಪಸರಕ್ಕೆ ಮೀಸಲು.

ತೇರ್ಸ್ ಮುಗಿದ ಕೂಡಲೇ ಕಿರಿಯರು ಹಿರಿಯರ ಬಳಿ ಹೋಗಿ ‘ಬೆಸಾಂವ್’ ಎಂದರೆ ಆಶೀರ್ವಾದ ಬೇಡುತ್ತಾರೆ. ಹಗಲಿನಲ್ಲಿ ನಡೆದ ಜಗಳ, ಗದರಿಕೆ, ಮುನಿಸುಗಳು ಈ ಹೊತ್ತಿಗೆ ಕೊನೆಗೊಳ್ಳಬೇಕೆಂಬುದು ಅದರ ಆಶಯ. ಸಿಟ್ಟಾಗಿರುವ ಮಗನೂ ತಂದೆಯ ಮುಂದೆ ತಲೆಬಾಗಬೇಕು, ತಂದೆಯೂ ಮಗನನ್ನು ಹರಸದೆ ಇರುವಂತಿಲ್ಲ. ಕುಟುಂಬದ ಒಳಗಿನ ಸಂಬಂಧವನ್ನು ಪ್ರತಿದಿನ ಹೊಸದಾಗಿ ಕಟ್ಟುವ ವಿಧಾನವೆಂದು ಇದನ್ನು ಪರಿಗಣಿಸಬಹುದು.

ಚರ್ಚಿನಲ್ಲಿ ಬಲಿಪೂಜೆಯನ್ನು ಅರ್ಪಿಸುವ ಅಧಿಕಾರ ಗುರುದೀಕ್ಷೆ ಪಡೆದ ಪುರುಷರಿಗೆ ಮಾತ್ರ ಇದೆ. ಮನೆಯಲ್ಲಿ ತೇರ್ಸ್ ನಡೆಸುವವಳು ಸಾಮಾನ್ಯವಾಗಿ ಅಜ್ಜಿ ಅಥವಾ ತಾಯಿ. ಗಂಡಸರು ಹಡಗಿನ ಕೆಲಸಕ್ಕೆ, ಮುಂಬಯಿಗೆ, 1970ರ ದಶಕದ ನಂತರ ಕೊಲ್ಲಿ ರಾಷ್ಟ್ರಗಳಿಗೆ ಹೋದಾಗ ಈ ಹೊಣೆ ಪೂರ್ಣವಾಗಿ ಹೆಂಗಸರದಾಯಿತು. ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸುವುದರಿಂದ ಮೊದಲ್ಗೊಂಡು ಮೃತರ ಹೆಸರುಗಳನ್ನು ನೆನಪಿಡುವವರೆಗೆ, ಧರ್ಮದ ಪಾಠದ ಬಹುಭಾಗವನ್ನು ಕಲಿಸಿದವರು ಓದುಬರಹ ಬಾರದ ಅಜ್ಜಿಯರೂ ಆಗಿದ್ದುದುಂಟು.

ಪ್ರಾರ್ಥನೆಯ ಭಾಷೆ ಮತ್ತು ಲಿಪಿ

ದ್ವಿತೀಯ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾ ಸಂವಿಧಾನ ಜಾರಿಗೆ ಬರುವವರೆಗೆ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿತ್ತು. ಜನಸಾಮಾನ್ಯರು ತಮಗೆ ತಿಳಿಯುವ ಭಾಷೆಯಲ್ಲಿ ದೇವರೊಡನೆ ಮಾತನಾಡುತ್ತಿದ್ದುದು ಹೆಚ್ಚಾಗಿ ಮನೆಯಲ್ಲಿ, ಕೊಂಕಣಿಯಲ್ಲಿ. ಮರಿಯಮ್ಮನವರ ಸ್ತುತಿಮಾಲೆಯಾದ ‘ಲದಿನ್’ ಮಾತ್ರ ಗೋವಾ ಪರಂಪರೆಯಲ್ಲಿ ಮನೆಗಳಲ್ಲಿಯೂ ಲ್ಯಾಟಿನ್‌ನಲ್ಲಿ ಹಾಡಲ್ಪಡುತ್ತಿತ್ತು.

ಕೊಂಕಣಿಯಲ್ಲಿ ಧರ್ಮಬೋಧೆಯ ಪರಂಪರೆ ಹಳೆಯದು. ಇಂಗ್ಲೆಂಡ್ ಮೂಲದ ಜೆಸ್ವಿತ್ ಪಾದ್ರಿ ಥಾಮಸ್ ಸ್ಟೀಫನ್ಸ್ ರಚಿಸಿದ ಪ್ರಶ್ನೋತ್ತರ ರೂಪದ ಕೊಂಕಣಿ ಧರ್ಮೋಪದೇಶ ಅವರ ಮರಣಾನಂತರ 1622ರಲ್ಲಿ ಗೋವೆಯಲ್ಲಿ ಮುದ್ರಿತವಾಯಿತು. ಆದರೆ 1684ರಲ್ಲಿ ಪೋರ್ಚುಗೀಸ್ ಆಡಳಿತವು ಗೋವೆಯಲ್ಲಿ ಸ್ಥಳೀಯ ಭಾಷೆಯ ಬಳಕೆಯನ್ನು ನಿಷೇಧಿಸುವ ಆಜ್ಞೆ ಹೊರಡಿಸಿತು. 1736ರ ಧಾರ್ಮಿಕ ನ್ಯಾಯಾಲಯದ ಆಜ್ಞೆಯು ಮತಾಂತರಗೊಂಡವರು ಉಳಿಸಿಕೊಂಡಿದ್ದ ಅನೇಕ ಪೂರ್ವಿಕ ಆಚರಣೆಗಳಿಗೆ ತಡೆಯೊಡ್ಡಿತು. ಈ ಆಜ್ಞೆಗಳ ಹೊರತಾಗಿಯೂ ಭಾಷೆಯೂ ಆಚರಣೆಗಳೂ ಅಡುಗೆಮನೆ ಮತ್ತು ಪಡಸಾಲೆಗಳಲ್ಲಿ ಬದುಕಿದವು.

ಆಧುನಿಕ ಕೊಂಕಣಿ ಚಳವಳಿಯಲ್ಲಿ ಕಾರವಾರಕ್ಕೆ ವಿಶೇಷ ಸ್ಥಾನವಿದೆ. ಮಾಧವ ಮಂಜುನಾಥ ಶಾನಭಾಗರ ನೇತೃತ್ವದಲ್ಲಿ ಅಖಿಲ ಭಾರತ ಕೊಂಕಣಿ ಪರಿಷತ್ತು 1939ರಲ್ಲಿ ಇಲ್ಲಿಯೇ ಆರಂಭವಾಯಿತು. 1992ರಲ್ಲಿ ಕೊಂಕಣಿಯು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಆದರೆ ಭಾಷೆಯ ಲಿಪಿ ಒಂದಾಗಲಿಲ್ಲ. ಗೋವಾದ ಕ್ಯಾಥೋಲಿಕರು ರೋಮನ್ ಲಿಪಿಯನ್ನೂ, ಮಂಗಳೂರಿನವರು ಕನ್ನಡ ಲಿಪಿಯನ್ನೂ ಬಳಸುತ್ತಾರೆ. ಗೋವಾ ಸರ್ಕಾರದ 1987ರ ರಾಜಭಾಷಾ ಕಾಯಿದೆ ಮಾನ್ಯ ಮಾಡಿದ್ದು ದೇವನಾಗರಿಯನ್ನು. ಎರಡರ ನಡುವೆ ಇರುವ ಕಾರವಾರದ ಕುಟುಂಬವೊಂದರಲ್ಲಿ ಗೋವೆಯಿಂದ ಬಂದ ರೋಮನ್ ಲಿಪಿಯ ಪ್ರಾರ್ಥನಾ ಪುಸ್ತಕವೂ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಲಿಪಿಯ ಪುಸ್ತಕವೂ ಒಂದೇ ಕಪಾಟಿನಲ್ಲಿ ಇರುವುದುಂಟು. ಒಂದೇ ಪ್ರಾರ್ಥನೆಯನ್ನು ಅಜ್ಜಿ ಒಂದು ಲಿಪಿಯಲ್ಲಿ, ಮೊಮ್ಮಗಳು ಇನ್ನೊಂದರಲ್ಲಿ ಓದಬಹುದು. ದನಿಯೆತ್ತಿ ಹೇಳುವಾಗ ಮಾತ್ರ ಆ ಭೇದ ಉಳಿಯುವುದಿಲ್ಲ.

ಧರ್ಮಪ್ರಾಂತ್ಯದ ಚರ್ಚುಗಳಲ್ಲಿ ಕೊಂಕಣಿಯ ಜೊತೆಗೆ ಕನ್ನಡದಲ್ಲಿಯೂ ಬಲಿಪೂಜೆ ನಡೆಯುತ್ತದೆ. ಬಲಿಪೂಜೆ, ಜಪಸರ, ಪರಮಪ್ರಸಾದ, ದೀಕ್ಷಾಸ್ನಾನ, ತಪಸ್ಸುಕಾಲ ಮೊದಲಾದ ಪದಗಳಿಂದ ಕನ್ನಡವು ತನ್ನದೇ ಆದ ಕ್ರೈಸ್ತ ಪರಿಭಾಷೆಯನ್ನು ಬೆಳೆಸಿಕೊಂಡಿದೆ.

ಜೀವನದ ಸಂಸ್ಕಾರಗಳು

ಕ್ಯಾಥೋಲಿಕ್ ಧರ್ಮಸಭೆಯು ಏಳು ಸಂಸ್ಕಾರಗಳನ್ನು ಮಾನ್ಯ ಮಾಡುತ್ತದೆ. ಇವುಗಳಲ್ಲಿ ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದ, ದೃಢೀಕರಣ ಮತ್ತು ವಿವಾಹಗಳು ಕುಟುಂಬದ ಸಂಭ್ರಮಗಳೂ ಹೌದು. ಶಿಶುವಿನ ದೀಕ್ಷಾಸ್ನಾನದಲ್ಲಿ ಜ್ಞಾನ ತಂದೆತಾಯಿಗಳಾಗಿ ನಿಲ್ಲುವವರು ಮಗುವಿನ ಧಾರ್ಮಿಕ ಬೆಳವಣಿಗೆಯ ಹೊಣೆಯಲ್ಲಿ ಪಾಲುಗೊಳ್ಳುತ್ತಾರೆ. ಹೀಗೆ ಬೆಸೆದ ಸಂಬಂಧವನ್ನು ಬಂಧುತ್ವಕ್ಕೆ ಸಮನಾಗಿ ಗೌರವಿಸಲಾಗುತ್ತದೆ.

ಮದುವೆಯಲ್ಲಿ ಚರ್ಚಿನ ವಿಧಿ ಮತ್ತು ಮನೆಯ ಆಚರಣೆ ಎರಡೂ ಜೊತೆಯಾಗಿ ಬರುತ್ತವೆ. ಮದುವೆಯ ಮುನ್ನಾದಿನ ವಧುವಿನ ಮನೆಯಲ್ಲಿ ವಧುವಿಗೂ ವರನ ಮನೆಯಲ್ಲಿ ವರನಿಗೂ ತೆಂಗಿನ ಹಾಲನ್ನು ಹಚ್ಚುವ ‘ರೊಸ್’ ನಡೆಯುತ್ತದೆ. ಬಂಧುಗಳು ಒಬ್ಬೊಬ್ಬರಾಗಿ ಬಂದು ಹಾಲು ಹಚ್ಚಿ ಹರಸುತ್ತಾರೆ, ಹಿರಿಯ ಹೆಂಗಸರು ‘ವೊವಿಯೊ’ ಹಾಡುತ್ತಾರೆ. ಅವಿವಾಹಿತ ಜೀವನಕ್ಕೆ ವಿದಾಯ ಹೇಳುವ ಶುದ್ಧೀಕರಣವೆಂದು ಇದನ್ನು ಅರ್ಥೈಸುತ್ತಾರೆ. ಹಿಂದೂ ಮದುವೆಗಳ ಅರಿಸಿನ–ಎಣ್ಣೆ ಶಾಸ್ತ್ರದೊಂದಿಗೆ ಇದರ ಸಾಮ್ಯ ಸ್ಪಷ್ಟವಾಗಿದೆ. ಗೋವಾ ಮೂಲದ ಕುಟುಂಬಗಳಲ್ಲಿ ಮದುವೆಗೆ ಮೊದಲು ಗತಿಸಿದ ಹಿರಿಯರ ಹೆಸರಿನಲ್ಲಿ ಬಡವರಿಗೆ ಊಟ ಹಾಕುವ ‘ಭಿಕಾರ್ಯಾಂಚೆಂ ಜೆವಣ್’ ಎಂಬ ಪದ್ಧತಿಯೂ ಇದೆ. ಸಂತೋಷದ ಕಾರ್ಯವನ್ನು ಮೃತರ ಮತ್ತು ಹಸಿದವರ ಪಾಲು ತೆಗೆದಿರಿಸಿಯೇ ಆರಂಭಿಸಬೇಕು ಎಂಬ ಭಾವನೆ ಅದರ ಹಿಂದಿದೆ.

ಕುಟುಂಬದಲ್ಲಿ ಮರಣ ಸಂಭವಿಸಿದಾಗ ವಾಡೆಯ ಜನ ಮನೆಗೆ ಬಂದು ಸಂಜೆಯ ತೇರ್ಸ್ ನಡೆಸಿಕೊಡುತ್ತಾರೆ. ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅಂದು ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ದೂರದ ಊರುಗಳಲ್ಲಿರುವವರು ಈ ದಿನಕ್ಕಾಗಿ ಊರಿಗೆ ಬರುವುದುಂಟು.

ಹಬ್ಬಗಳು ಮತ್ತು ಆಹಾರ

ಕರಾವಳಿಯ ಕ್ರೈಸ್ತ ಪಂಚಾಂಗವು ಧರ್ಮಸಭೆಯ ಕಾಲಮಾನವನ್ನೂ ಕೃಷಿಯ ಕಾಲಮಾನವನ್ನೂ ಹೊಂದಿಸಿಕೊಂಡಿದೆ. ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನವನ್ನು ಕೆನರಾ ಕರಾವಳಿಯಲ್ಲಿ ‘ಮೊಂತಿ ಫೆಸ್ತ್’ ಎಂದು ಆಚರಿಸುತ್ತಾರೆ. ಇದರ ಮೂಲವನ್ನು ಮಂಗಳೂರಿನ ಸಮೀಪದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನೊಂದಿಗೆ ಜೋಡಿಸಲಾಗುತ್ತದೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಪಾಯಸದಲ್ಲಿಯೋ ಹಾಲಿನಲ್ಲಿಯೋ ಬೆರೆಸಿ ಎಲ್ಲರೂ ಒಟ್ಟಾಗಿ ಸೇವಿಸುತ್ತಾರೆ. ಈ ಹೊಸತಿನ ಊಟಕ್ಕೆ ‘ನೊವೆಂ’ ಎಂದು ಹೆಸರು. ದೂರದಲ್ಲಿರುವ ಮಕ್ಕಳಿಗೆ ತೆನೆಯ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಇತ್ತು.

ತಪಸ್ಸುಕಾಲದ ನಲವತ್ತು ದಿನಗಳಲ್ಲಿ ಉಪವಾಸ ಮತ್ತು ಸಂಯಮ ವಿಹಿತ. ಧರ್ಮಸಭೆಯ ನಿಯಮದಂತೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದಂದು ಉಪವಾಸವಿದ್ದು, ಮಾಂಸವನ್ನು ವರ್ಜಿಸಬೇಕು. ನಿಯಮವು ಮೀನನ್ನು ನಿಷೇಧಿಸುವುದಿಲ್ಲ. ಮೀನೇ ನಿತ್ಯದ ಆಹಾರವಾದ ಕಾರವಾರದಂತಹ ಊರಿನಲ್ಲಿ ಮಾಂಸವನ್ನು ಬಿಡುವುದು ದೊಡ್ಡ ತ್ಯಾಗವೆನಿಸದು. ಆದ್ದರಿಂದ ನಿಯಮದ ಅಕ್ಷರವನ್ನು ಮೀರಿ ಮೀನನ್ನೂ, ಮದ್ಯವನ್ನೂ ಅಥವಾ ತಮಗೆ ಪ್ರಿಯವಾದ ಬೇರೊಂದನ್ನೂ ಬಿಡುವವರುಂಟು. ಮದುವೆಗಳನ್ನು ಈ ಅವಧಿಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಕ್ರಿಸ್‌ಮಸ್ ಸಮಯದಲ್ಲಿ ನೆವ್ರಿ, ಕುಲ್ಕುಲ್, ದೊದೊಲ್ ಮುಂತಾದ ತಿನಿಸುಗಳನ್ನು ಮನೆಮಂದಿ ಸೇರಿ ಮಾಡುತ್ತಾರೆ. ಇವುಗಳಿಗೆ ಮಂಗಳೂರಿನಲ್ಲಿ ‘ಕುಸ್ವಾರ್’ ಎಂದು ಹೆಸರು. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಹಳೆ ಗೋವೆಗೆ ಯಾತ್ರೆ ಹೋಗುವುದು ಕಾರವಾರದವರಿಗೆ ಸಮೀಪದ ಪಯಣ. ಸಂತರ ಪಾರ್ಥಿವ ಶರೀರದ ದರ್ಶನ ಹತ್ತು ವರ್ಷಗಳಿಗೊಮ್ಮೆ ನಡೆಯುತ್ತದೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತೀಚಿನ ದರ್ಶನ ನಡೆಯಿತು.

ನೆರೆಹೊರೆಯ ಸಂಸ್ಕೃತಿ

ಕಾರವಾರ–ಅಂಕೋಲಾ ಭಾಗದ ಕ್ರೈಸ್ತ ಆಚರಣೆಗಳನ್ನು ನೆರೆಯ ಹಿಂದೂ ಸಮುದಾಯಗಳಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳುವುದು ಕಷ್ಟ. ಹಣಕೋಣದ ಸಾತೇರಿ ದೇವಿಯ ದೇವಾಲಯವು ವರ್ಷಕ್ಕೆ ಏಳು ದಿನ ಮಾತ್ರ, ಭಾದ್ರಪದ ಮಾಸದಲ್ಲಿ, ದರ್ಶನಕ್ಕೆ ತೆರೆದಿರುತ್ತದೆ. ಸಾತೇರಿಯು ಗೋವೆಯಲ್ಲಿಯೂ ಭೂದೇವಿಯಾಗಿ, ಹುತ್ತದ ರೂಪದಲ್ಲಿ ಪೂಜೆಗೊಳ್ಳುವ ದೇವತೆ. ಗದ್ದೆಗಳು ತೆನೆ ಕಟ್ಟುವ ಇದೇ ಋತುವಿನಲ್ಲಿ ಗಣೇಶ ಚತುರ್ಥಿಯೂ ಮೊಂತಿ ಫೆಸ್ತೂ ಬರುತ್ತವೆ. ನಂಬಿಕೆಗಳು ಬೇರೆಯಾದರೂ, ಮಳೆ ಕಳೆದು ಬಂದ ಮೊದಲ ಫಲವನ್ನು ದೇವರಿಗೆ ಒಪ್ಪಿಸಿ ಅನಂತರ ಉಣ್ಣಬೇಕು ಎಂಬ ಕೃಷಿಕನ ಕೃತಜ್ಞತೆ ಎರಡೂ ಕಡೆ ಒಂದೇ ಆಗಿದೆ.

ಅಡುಗೆಯಲ್ಲಿಯೂ ಈ ಸಾಮ್ಯ ಕಾಣುತ್ತದೆ. ಕೊಂಕಣಿ ಹಿಂದೂ ಮನೆಗಳಲ್ಲಿ ಚತುರ್ಥಿಗೆ ಮಾಡುವ ನೆವ್ರಿಯೇ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ತಿನಿಸಾಗುತ್ತದೆ. ಹಬ್ಬದ ತಿಂಡಿಯನ್ನು ನೆರೆಮನೆಗೆ ಕಳುಹಿಸುವ, ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದಿರುವ ಪದ್ಧತಿಯಿಂದ ಒಂದೇ ತಿನಿಸು ವರ್ಷದಲ್ಲಿ ಎರಡು ಬಾರಿ, ಎರಡು ದಿಕ್ಕಿನಲ್ಲಿ ಬೇಲಿಯನ್ನು ದಾಟುತ್ತದೆ. ಸಂಗೀತದಲ್ಲಿ ‘ಗುಮಟೆ’ ಇಂತಹ ಇನ್ನೊಂದು ಕೊಂಡಿ. ಮಣ್ಣಿನ ಕುಡಿಕೆಗೆ ಚರ್ಮ ಬಿಗಿದು ಮಾಡುವ ಈ ವಾದ್ಯ ಗೋವೆಯ ಕ್ರೈಸ್ತರ ಹಾಡು–ಕುಣಿತಗಳಲ್ಲಿಯೂ, ಅಂಕೋಲಾ ಸುತ್ತಲಿನ ಹಾಲಕ್ಕಿ ಒಕ್ಕಲಿಗರೇ ಮೊದಲಾದವರ ಗುಮಟೆ ಪಾಂಗಿನಲ್ಲಿಯೂ ಬಳಕೆಯಲ್ಲಿದೆ.

ಅಂಜುದೀವ ದ್ವೀಪದ ಯಾತ್ರೆ

ಕಾರವಾರದ ದಕ್ಷಿಣಕ್ಕೆ ಬಿಣಗಾ ತೀರದ ಎದುರಿಗಿರುವ ಅಂಜುದೀವ ದ್ವೀಪವು ಆಡಳಿತಾತ್ಮಕವಾಗಿ ಗೋವಾ ರಾಜ್ಯಕ್ಕೆ ಸೇರಿದೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ತಂಗಿದ್ದ. 1505ರಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡ ಕೋಟೆ ಕಟ್ಟಿಸಿದ. ದ್ವೀಪದಲ್ಲಿರುವ ‘ಬ್ರೋತಾಸ್ ಮಾತೆ’ಯ ಚರ್ಚಿನಲ್ಲಿ ಫೆಬ್ರವರಿ 2ರಂದು, ಸಂತ ಫ್ರಾನ್ಸಿಸ್‌ರ ಕಿರುದೇವಾಲಯದಲ್ಲಿ ಅಕ್ಟೋಬರ್ 4ರಂದು ಹಬ್ಬ ನಡೆಯುತ್ತಿತ್ತು. ಗೋವಾ ಮತ್ತು ಕಾರವಾರ ಎರಡೂ ಕಡೆಯ ಕುಟುಂಬಗಳು ದೋಣಿಗಳಲ್ಲಿ ಅಲ್ಲಿಗೆ ಹೋಗುತ್ತಿದ್ದವು.

1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಈ ದ್ವೀಪವನ್ನು ವಶಪಡಿಸಿಕೊಳ್ಳುವಾಗ ಭಾರತೀಯ ನೌಕಾಪಡೆಯ ಏಳು ಮಂದಿ ಹುತಾತ್ಮರಾದರು. 1986ರಲ್ಲಿ ಶಂಕುಸ್ಥಾಪನೆಯಾದ ‘ಸೀಬರ್ಡ್’ ನೌಕಾನೆಲೆಯ ಯೋಜನೆಗೆ ದ್ವೀಪವು ಸೇರಿದ ಮೇಲೆ ಭದ್ರತೆಯ ಕಾರಣದಿಂದ ಸಾರ್ವಜನಿಕರ ಪ್ರವೇಶ ನಿರ್ಬಂಧಗೊಂಡು ಯಾತ್ರೆ ನಿಂತಿತು. ಇದೇ ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ನಡುವಿನ ಕರಾವಳಿಯ ಅರ್ಗಾ ಮೊದಲಾದ ಊರುಗಳ ಎಲ್ಲ ಸಮುದಾಯಗಳ ಸಾವಿರಾರು ಕುಟುಂಬಗಳು ನೆಲೆ ಬದಲಿಸಬೇಕಾಯಿತು. ಊರು ಚದುರಿದಾಗ ಗದ್ದೆ, ಕಡಲದಂಡೆಗಳ ಜೊತೆಗೆ ಸಂಜೆಯ ಪ್ರಾರ್ಥನೆಗೆ ಸೇರುವ ನೆರೆಯವರೂ, ಹಬ್ಬದ ಪಾತ್ರೆ ಸಾಗುವ ನೆರೆಮನೆಯೂ ಬದಲಾಗುತ್ತವೆ. ದೇಶದ ರಕ್ಷಣೆಯ ಅಗತ್ಯ ಮತ್ತು ಸಮುದಾಯಗಳ ಸ್ಮೃತಿ ಇವೆರಡೂ ಒಂದೇ ದಡದಲ್ಲಿ ಎದುರಾದ ಉದಾಹರಣೆ ಇದು.

ಕೌಟುಂಬಿಕ ಕಾನೂನು

ಗಡಿಯ ಎರಡೂ ಕಡೆ ಹರಡಿರುವ ಬಂಧುವರ್ಗಕ್ಕೆ ಎರಡು ಬಗೆಯ ನಾಗರಿಕ ಕಾನೂನುಗಳು ಅನ್ವಯವಾಗುತ್ತವೆ. ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕೌಟುಂಬಿಕ ನಿಯಮಗಳು ಇಂದಿಗೂ ಜಾರಿಯಲ್ಲಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ ದಂಪತಿಗಳ ಆಸ್ತಿಯನ್ನು ಸಮಾನ ಒಡೆತನದ್ದೆಂದು ಪರಿಗಣಿಸಲಾಗುತ್ತದೆ. ಕರ್ನಾಟಕದ ಕ್ರೈಸ್ತರಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಮತ್ತು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತವೆ. ಎರಡನೆಯದರಂತೆ, ಉಯಿಲು ಬರೆಯದೆ ಮೃತನಾದವನಿಗೆ ಪತ್ನಿಯೂ ಮಕ್ಕಳೂ ಇದ್ದರೆ ಆಸ್ತಿಯ ಮೂರನೆಯ ಒಂದು ಭಾಗ ಪತ್ನಿಗೆ ಸಲ್ಲುತ್ತದೆ. ಉಳಿದದ್ದನ್ನು ಗಂಡು–ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಹಂಚಲಾಗುತ್ತದೆ.

ಅಂತರಧರ್ಮೀಯ ವಿವಾಹಗಳ ವಿಷಯದಲ್ಲಿ 1983ರ ಧರ್ಮಸಭಾ ಸಂಹಿತೆಯು ಧರ್ಮಾಧ್ಯಕ್ಷರ ಅನುಮತಿಯನ್ನು ಕಡ್ಡಾಯ ಮಾಡಿದೆ. ಕ್ಯಾಥೋಲಿಕ್ ಸಂಗಾತಿಯು ತನ್ನ ವಿಶ್ವಾಸವನ್ನು ಕಾಪಾಡಿಕೊಳ್ಳುವುದಾಗಿಯೂ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಶಕ್ತಿಮೀರಿ ಯತ್ನಿಸುವುದಾಗಿಯೂ ಮಾತು ಕೊಡಬೇಕು. ಇನ್ನೊಬ್ಬ ಸಂಗಾತಿ ಮತಾಂತರಗೊಳ್ಳಬೇಕೆಂದು ಸಂಹಿತೆಯು ವಿಧಿಸುವುದಿಲ್ಲ. ಆದರೆ ಮಗುವಿನ ಹೆಸರು, ಹಬ್ಬ, ಅಂತ್ಯಸಂಸ್ಕಾರಗಳ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾದವರು ಎರಡೂ ಕುಟುಂಬಗಳ ಹಿರಿಯರು ಮತ್ತು ದಂಪತಿಗಳು.

ಪ್ರಸ್ತುತ ಸ್ಥಿತಿ

ಈ ಕೌಟುಂಬಿಕ ಪರಂಪರೆ ಇಂದು ಎರಡು ದಿಕ್ಕುಗಳಿಂದ ಬದಲಾವಣೆಯನ್ನು ಎದುರಿಸುತ್ತಿದೆ. ಮೊದಲನೆಯದು ವಲಸೆ. ಯುವಜನರು ಗೋವಾ, ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳು ಮತ್ತು ಯುರೋಪಿನಲ್ಲಿ ಉದ್ಯೋಗ ಹುಡುಕಿಕೊಂಡು ಹೋಗುವುದರಿಂದ ಅನೇಕ ಮನೆಗಳಲ್ಲಿ ವೃದ್ಧ ದಂಪತಿಗಳು ಮಾತ್ರ ಉಳಿಯುತ್ತಾರೆ. ತೇರ್ಸ್ ಹೇಳಲು ಬಾಯಿ ಇದ್ದರೂ ಬೆಸಾಂವ್ ಬೇಡಲು ಮಕ್ಕಳಿರುವುದಿಲ್ಲ. ದೂರವಾಣಿಯ ವಿಡಿಯೊ ಕರೆಯಲ್ಲಿ ಒಟ್ಟಾಗಿ ಜಪಸರ ಹೇಳುವ ಕುಟುಂಬಗಳೂ ಈಗ ಇವೆ.

ಎರಡನೆಯದು ಭಾಷೆ. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಕಲಿಯುವ ಮಕ್ಕಳು ಮನೆಯಲ್ಲಿ ಕೊಂಕಣಿ ಆಡಿದರೂ ಅದನ್ನು ಓದಲಾರರು. ಕರ್ನಾಟಕದಲ್ಲಿ ಕೊಂಕಣಿಯನ್ನು ಐಚ್ಛಿಕ ಭಾಷೆಯಾಗಿ ಕನ್ನಡ ಇಲ್ಲವೆ ದೇವನಾಗರಿ ಲಿಪಿಯಲ್ಲಿ ಕಲಿಯುವ ಅವಕಾಶವಿದೆ. ನಗರಗಳಲ್ಲಿ ಬೆಳೆದ ಮಕ್ಕಳಿಗೆ ಇಂಗ್ಲಿಷ್ ಪ್ರಾರ್ಥನೆ ಸುಲಭವೆನಿಸುತ್ತದೆ. ಪ್ರಾರ್ಥನೆಯ ಅರ್ಥವನ್ನು ಯಾವ ಭಾಷೆಗೂ ಒಯ್ಯಬಹುದು. ಆದರೆ ಅಜ್ಜಿಯೊಡನೆ ಒಂದೇ ದನಿಯಲ್ಲಿ ಹೇಳುವ ಪ್ರಾರ್ಥನೆಗೆ ಇಬ್ಬರಿಗೂ ಗೊತ್ತಿರುವ ಭಾಷೆಯೊಂದು ಬೇಕು ಎಂಬುದು ಕೊಂಕಣಿಯ ಪರವಾಗಿರುವವರ ವಾದ. ಕನ್ನಡ ನಾಡಿನಲ್ಲಿರುವ ಧರ್ಮಸಭೆ ಕನ್ನಡದಲ್ಲಿ ಬೇರೂರಬೇಕು ಎಂಬುದು ಇನ್ನೊಂದು ನಿಲುವು. ಎರಡನ್ನೂ ಬಲ್ಲ ತಲೆಮಾರು ಇರುವವರೆಗೆ ಇವು ಪರಸ್ಪರ ವಿರೋಧಿಗಳಾಗಬೇಕಿಲ್ಲ.

2020ರ ಮಾರ್ಚ್ 25ರಿಂದ ಕೋವಿಡ್ ಕಾರಣವಾಗಿ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಪೂಜಾಸ್ಥಳಗಳು ಮುಚ್ಚಿದವು. ಆ ವರ್ಷದ ಪವಿತ್ರ ವಾರದ ವಿಧಿಗಳೂ ಏಪ್ರಿಲ್ 12ರ ಈಸ್ಟರ್ ಹಬ್ಬವೂ ಭಕ್ತರಿಲ್ಲದ ಚರ್ಚುಗಳಲ್ಲಿ ನಡೆದವು. ಬಲಿಪೂಜೆಯನ್ನು ಜನರು ಪರದೆಯ ಮೇಲೆ ನೋಡಿದರು. ಪಾದ್ರಿಗಳಿಲ್ಲದ ಹಳೆಯ ಕಾಲದಂತೆಯೇ ಆ ವಾರಗಳಲ್ಲಿಯೂ ಪ್ರಾರ್ಥನೆ ನಡೆದುದು ಮನೆಯ ಆಲ್ತಾರಿನ ಮುಂದೆ. ಪೀಠದ ಮುಂದೆ ಸೇರುವ ರೂಢಿ ಉಳಿದಿದ್ದ ಕುಟುಂಬಗಳಿಗೆ ಅದು ಪರಿಚಿತ ಸ್ಥಳವೇ ಆಗಿತ್ತು. ಆ ರೂಢಿ ತಪ್ಪಿದ್ದವರು ಪ್ರಾರ್ಥನೆಯ ಮಾತುಗಳನ್ನು ಹಿರಿಯರಿಂದ ಮತ್ತೆ ಕೇಳಿ ಕಲಿಯಬೇಕಾಯಿತು.